ಸೊನ್ನೆಯಿಂದ ಎದ್ದ ಎರಡು ಕಂಬ

ಬೆಣಕಲಕೆರೆ, ಕಾವುಮಾಸದ ಒಂಬತ್ತು, ೨೨೧೪

ಹನ್ನೆರಡೇ ತಿಂಗಳಲ್ಲಿ ವರ್ಷ ಮುಗಿಸುವ ನಮ್ಮ ಹಿರಿಯರೇ,

ಕಾವುಮಾಸವೆಂದರೆ ಬೇಸಿಗೆಗೆ ಜಾಗ ಸಾಲದೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು. ನಿಮ್ಮ ಕನ್ನಡವನ್ನು ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಕಲಿತವಳು ನಾನು. ಮಾತು ಎಲ್ಲಾದರೂ ತೊಡರಿದರೆ ಮನ್ನಿಸಿ.

ನಾನು ಹುಡುಗಿಯಾಗಿದ್ದಾಗ ಊರ ಹೆಬ್ಬಾಗಿಲಾದ ಅಗಸಿಯಲ್ಲಿ ಬಣ್ಣಗಲ್ಲಿನ ಗೋಡೆಯಿತ್ತು. ಬೆರಳು ಆಡಿಸಿದಲ್ಲಿ ಬಣ್ಣ ಮೂಡುವ, ಒದ್ದೆ ಬಟ್ಟೆಯಿಂದ ಒರೆಸಿದರೆ ಅಳಿಯುವ ಕಲ್ಲು ಅದು. ನನ್ನ ಸೋದರತ್ತೆ ನೀಲಾಂಬಿಕಾ ಊರಿನ ನೋಟಗಾರ್ತಿ, ಅಂದರೆ ಅಂಕಿಗಳನ್ನು ಚಿತ್ರ ಮಾಡುವವಳು. ಪ್ರತಿ ಸೋಮವಾರ ಯಾವ ಓಣಿಯ ಮನೆಗೆ ಕೆರೆಯ ನೀರು ಎಷ್ಟು ಕೊಡ ಹೋಯಿತೆಂದು ಬರೆಯುತ್ತಿದ್ದಳು. ಜನ ಅಂಬಲಿಯ ಬಟ್ಟಲು ಹಿಡಿದೇ ಬಂದು ನಿಲ್ಲುತ್ತಿದ್ದರು. ನೀರಿನ ಮಾತು ಮುಗಿದ ಮೇಲೂ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಮೇಲಿನ ಓಣಿಯವಳಾದ ನನಗೂ ಕೆಳಗಿನ ಓಣಿಯ ಸಂಗನಬಸವನಿಗೂ ಮದುವೆ ಗೊತ್ತಾಗಿತ್ತು. ಆ ವಾರ ನಮ್ಮ ಓಣಿಯ ಮನೆಗೆ ತಲಾ ತೊಂಬತ್ತೆಂಟು ಕೊಡ, ಅವರ ಓಣಿಯ ಮನೆಗೆ ತೊಂಬತ್ನಾಲ್ಕು. ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳಲೆಂದು ಅತ್ತೆ ಕಂಬಗಳನ್ನು ತೊಂಬತ್ತರಿಂದ ಶುರುಮಾಡಿದಳು. ನಮ್ಮದು ಕೆಂಪು, ಅವರದು ಹಸಿರು, ಸುತ್ತ ಅಲೆ, ಮೀನು. ಅಂಕಿ ಮೂಲೆಯಲ್ಲಿ ಸಣ್ಣದಾಗಿತ್ತು, ಓಣಿಯ ಹೆಸರು ಇರಲೇ ಇಲ್ಲ. ಗೋಡೆಯ ಮೇಲೆ ನಮ್ಮ ಕಂಬ ಅವರದಕ್ಕಿಂತ ಎರಡು ಪಟ್ಟು ಎತ್ತರ ನಿಂತಿತು.

ಸಂಗನಬಸವನ ತಂದೆ ಚನ್ನಮಲ್ಲಪ್ಪ ಅಗಸಿಯಲ್ಲೇ ಕೂಗಾಡಿದರು. "ನಮಗ ಅರ್ಧ ನೀರು ಕೊಟ್ಟು ಉಳಿದದ್ದು ತಾವ ಕುಡದಾರ! ಆ ಓಣಿ ಹೆಣ್ಣು ನಮ್ಮ ಮನಿಗೆ ಬ್ಯಾಡ." ಎರಡೂ ಓಣಿಯವರು ತೋಳೇರಿಸಿದರು. ನಾನು ಮನೆಯೊಳಗೆ ಸೇರಿ ಕದ ಹಾಕಿಕೊಂಡೆ.

ಅತ್ತೆ ಒದ್ದೆ ಬಟ್ಟೆ ಹಿಡಿದು ಅವರ ಮುಂದೆಯೇ ನಿಂತಳಂತೆ. "ನಾ ಬರದ ಅಂಕಿ ಖರೇ ಐತ್ರಿ ಅಣ್ಣಾರ, ಚಿತ್ರ ಸುಳ್ಳ ಹೇಳೇತಿ. ನಿಮಗ ಯಾವ ಕಂಬ ಯಾರದು ಅಂತ ತಿಳೀತೇನ್ರಿ?"

ಚನ್ನಮಲ್ಲಪ್ಪ ಗೋಡೆಯ ಹತ್ತಿರ ಬಗ್ಗಿ ನೋಡಿ, "ಕೆಂಪು, ಹಸಿರು ನನ್ನ ಕಣ್ಣಿಗೆ ಒಂದ ಕಾಣ್ತಾವ ತಂಗಿ. ಎತ್ತರದ್ದು ನಿಮ್ಮದು ಅಂತ ಮಂದಿ ಅಂದ್ರು," ಎಂದರು. ಅವರ ಹೆಂಡತಿಗೂ ಅದು ಅಂದೇ ಗೊತ್ತಾದದ್ದು.

ಅತ್ತೆ ಅಲೆ, ಮೀನು ಎಲ್ಲ ಒರೆಸಿದಳು. ಸೊನ್ನೆಯಿಂದ ಎರಡು ನೀಲಿ ಕಂಬ ಎಬ್ಬಿಸಿ, ಬುಡದಲ್ಲಿ ಓಣಿಯ ಹೆಸರು, ನೆತ್ತಿಯಲ್ಲಿ ಅಂಕಿ ಬರೆದಳು. ಗಿಡ್ಡ ಕಂಬದ ಪಕ್ಕ "ನಾಲ್ಕು ಕೊಡ ಕಡಿಮೆ" ಎಂದು ಸೇರಿಸಿದಳು. ಕಂಬಗಳು ಹೆಗಲಿಗೆ ಹೆಗಲು ತಾಗುವಂತಿದ್ದವು. ಗುಂಪಿನಲ್ಲಿ ಯಾರೋ ನಕ್ಕರು.

"ಇಷ್ಟಕ್ಕ ಬಡದಾಡಾಕ ನಿಂತಿದ್ವೇನ?" ಎಂದರು ಚನ್ನಮಲ್ಲಪ್ಪ. ಆಮೇಲೆ, "ಆದ್ರೂ ಆ ನಾಕು ಕೊಡ ಎಲ್ಲಿ ಹೋದುವು?" ಎಂದರು. ಹುಡುಕಿದಾಗ ಕೆಳಗಿನ ಓಣಿಯ ತಿರುವಿನಲ್ಲಿ ನೀರಿನ ಕೊಳವೆ ಸೋರುತ್ತಿತ್ತು. ಎರಡೂ ಓಣಿಯವರು ಕೂಡಿ ಅಗೆದು ಸರಿಮಾಡಿದರು. ಆ ತಿಂಗಳೇ ನಮ್ಮ ಮದುವೆಯಾಯಿತು.

ಈಗ ನಮಗೆ ಗೋಡೆಯಿಲ್ಲ. ಕಣ್ಣೊಳಗೇ ಮೂಡುವ ಚಿತ್ರಕ್ಕೆ ಒಳನೋಟ ಎನ್ನುತ್ತೇವೆ. ಅವರವರಿಗೆ ಒಪ್ಪುವ ಬಣ್ಣ, ಅವರವರಿಗೆ ಬೇಕಾದ ಎತ್ತರ. ನನಗೆ ಕಂಡದ್ದು ಪಕ್ಕದ ಮನೆಯವಳಿಗೆ ಕಾಣದು. ತಪ್ಪಾದರೂ ಕೇಳುವವರಿಲ್ಲ, ಜೊತೆಗೆ ನಗುವವರೂ ಇಲ್ಲ. ಸಂಗನಬಸವ ತೀರಿಕೊಂಡ ಮೇಲೆ ಆ ಸೋಮವಾರಗಳ ಗದ್ದಲ ನನಗೆ ಇನ್ನೂ ಹೆಚ್ಚಾಗಿ ನೆನಪಾಗುತ್ತದೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಏನನ್ನೇ ಬರೆದು ತೋರಿಸಿ, ಹತ್ತು ಜನ ಒಟ್ಟಿಗೆ ನಿಂತು ನೋಡುವ ಕಡೆ ತೋರಿಸಿ. ಒಬ್ಬರಾದರೂ ಬೆರಳಿಟ್ಟು "ಇದು ಹಿಂಗ್ಯಾಕ?" ಎಂದು ಕೇಳಲಿ.

ನಿಮ್ಮ ಮುಂದಿನವಳು,
ಶಿವಲೀಲಾ