ತುಳಿಯದ ಪೆಡಲ್

ಏಪ್ರಿಲ್ 6
ಪ್ರ್ಯಾಕ್ಟೀಸ್ ಮುಗಿಸಿ ಬಂದೆ. ಸಂಭಾಜಿಯದು ಅದೇ ರಗಳೆ.
“ಜ್ಞಾನೂ, ಮಂದಿಗೆ ಆವಾಜ್ ಬೇಕಲೇ. ಗಿಟಾರಿಗೆ ಡಿಸ್ಟಾರ್ಷನ್ ಬಿಡು, ಕಿವಿ ಗುಂಯ್ ಅನ್ಲಿ.”
ಬಿಡುವುದಿಲ್ಲ. ಆ ಪೆಡಲ್ ತುಳಿದರೆ ಗಿಟಾರ್ ಗರ್ಜಿಸಿ ಹಾಡನ್ನೇ ನುಂಗುತ್ತದೆ. ಗಾಯನ ಪಾರ್ಟಿ ಅವನದಿರಬಹುದು, ಹಾಡುವವಳು ನನ್ನ ಹೆಂಡತಿ ಸುಂದರಾ. ನನ್ನ ಗಿಟಾರಿಗೆ ನಾದ ತುಂಬಿಸುವ ಕೋರಸ್ ಒಂದು ಚೂರು, ಮಾರ್ದನಿಯ ಡಿಲೇ ಇದ್ದೂ ಇಲ್ಲದಂತೆ. ಭೀಮಗೀತೆಗೆ ಜನ ಬರುವುದು ಮಾತು ಕೇಳಲು. ಮಾತೇ ಮುಳುಗುವುದಾದರೆ ಡಿಜೆ ಸ್ಪೀಕರಿನ ಡಾಲ್ಬಿ ಹಚ್ಚಿ ಕುಣಿಯಲಿ.

ಏಪ್ರಿಲ್ 9, ಬೆಳಿಗ್ಗೆ
ಸುಂದರಾಳ ಗಂಟಲು ಇನ್ನೂ ಸರಿಯಾಗಿಲ್ಲ. ಚಿಕ್ಕೋಡಿ ಡಾಕ್ಟರ್ ತಿಂಗಳು ಹಾಡಬೇಡಿ ಎಂದಿದ್ದಾರೆ. ಭೀಮ ಜಯಂತಿಯ ತಿಂಗಳಲ್ಲಿ ಇವಳು ಕೇಳುವವಳೇ...
“ಏನ್ರಿ, ಕಡೀ ಹಾಡಿನಾಗ ಮ್ಯಾಲಿನ ಸ್ವರ ಒಡೀತೈತಿ. ಅಲ್ಲಿ ಬಂದಾಗ ಆ ಡಿಸ್ಟಾರ್ಷನ್ ಪೆಡಲ್ ಒಂದ ತುಳೀರಿ. ನಂದು ಮುಚ್ಚಿ ಹೋಗ್ಲಿ.”
“ನಿನ್ನ ಆವಾಜ್ ಮುಚ್ಚಾಕ ನಾ ಗಿಟಾರ್ ಕಲ್ತಿಲ್ಲ,” ಅಂದೆ.
ಮತ್ತೆ ಕೇಳಲಿಲ್ಲ. ಭಾರೀ ಮಾತು ಆಡಿದೆ ಎಂದು ದಿನವಿಡೀ ಖುಷಿಯಲ್ಲಿದ್ದೆ.

ಏಪ್ರಿಲ್ 14
ಅಲಖನೂರ ಕಾರ್ಯಕ್ರಮ. ಬರೆಯಲು ಆಗುತ್ತಿಲ್ಲ.

ಏಪ್ರಿಲ್ 17
ಬರೆದೇ ಬಿಡುತ್ತೇನೆ. ಕಡೆಯ ಹಾಡು. ಮೇಲಿನ ಸ್ವರ ಹಿಡಿಯುವ ಮುಂಚೆ ನನ್ನತ್ತ ತಿರುಗಿ ನೋಡಿದಳು. ಪೆಡಲ್ ಕಾಲ ಹತ್ತಿರವೇ ಇತ್ತು. ತುಳಿಯಲಿಲ್ಲ. ಹಟ — ಬೇರೇನೂ ಅಲ್ಲ. ಗಿಟಾರ್ ಇನ್ನೂ ಸಣ್ಣಗೆ ಮಾಡಿದೆ, ದೊಡ್ಡ ಕಲಾವಿದನ ಹಾಗೆ.
ಸ್ವರ ಒಡೆಯಿತು. ಸ್ಪೀಕರಿನಲ್ಲಿ ಊರಿಗೆಲ್ಲ ಕೇಳಿತು. ಮುಂದೆ ಕೂತವರಲ್ಲಿ ಯಾರೋ ನಕ್ಕರು. ಸೆರಗು ಬಾಯಿಗೆ ಹಿಡಿದು ಸ್ಟೇಜ್ ಇಳಿದು ಹೋದಳು. ಮೂರು ದಿನವಾಯಿತು, ನನ್ನ ತಾಟು ಇಟ್ಟು ಒಳಗೆ ಹೋಗುತ್ತಾಳೆ.

ಮೇ 3
ಸಂಭಾಜಿ ನನ್ನನ್ನು ಬಿಡಿಸಿ ಗಿಟಾರಿಗೆ ನಿಪ್ಪಾಣಿಯ ವಿಶಾಲನನ್ನು ತಂದಿದ್ದಾನೆ. ಅವನ ಕಾಲ ಮುಂದೆ ಎಂಟು ಪೆಡಲ್. ಸದ್ದು ಏರಿಸುವ ನಾಬ್ ಎಲ್ಲ ತುದಿಗೆ ತಿರುವಿದ್ದಾನೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಏರು ಹತ್ತಿದ ಹಾಗೆ ಸದ್ದು. ಸುಂದರಾ ಅವನ ಜೊತೆ ಹಾಡುತ್ತಾಳೆ!
ಇವತ್ತು ಏಕಸಂಬಿಯಲ್ಲಿ ಹಿಂದೆ ನಿಂತು ಕೇಳಿದೆ. ಮೇಲಿನ ಸ್ವರದ ಜಾಗದಲ್ಲಿ ಅವಳ ಬಾಯಿ ಆಡಿದ್ದು ಕಂಡಿತು, ಅಷ್ಟೇ. ಜನ ಸೀಟಿ ಹೊಡೆದರು. ನನಗೆ ಹೊಟ್ಟೆ ಉರಿಯಿತು.

ಮೇ 4
ತಡೆಯಲಾಗದೆ ಕೇಳಿದೆ. “ಆ ಗದ್ದಲದಾಗ ನಿನ್ನ ಹಾಡು ಯಾರಿಗೆ ಕೇಳಸ್ತೈತಿ?”
ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.
“ಕೇಳಸೂದಿಲ್ರಿ. ಕೇಳಸಬಾರ್ದು ಅಂತನ ಅವನ ಕೂಡ ಹಾಡಾಕತ್ತೀನಿ. ವಿಶಾಲಗ ನಾ ಏನೂ ಹೇಳಿರಲಿಲ್ಲ. ನನ್ನ ಮಾರಿ ನೋಡಿದಾ, ಪೆಡಲ್ ತುಳದಾ.”
ಅವನಿಗೆ ಹೇಳಿರಲಿಲ್ಲ. ನನಗೆ ಬಾಯಿಬಿಟ್ಟು ಹೇಳಿದ್ದಳು. ಅಲಖನೂರಿಗೆ ಐದು ದಿನ ಮೊದಲೇ ಹೇಳಿದ್ದಳು. ಅಷ್ಟಾದರೂ ನಾನು —