ಆರಿದ ಮೇಲೆ ಅಳತೆ

ಮಾವ,

ನಾನು ಗಿರಿಜಾ, ನಿಮ್ಮ ಸೊಸೆ. ನೀವಿದ್ದಾಗ ನಿಮಗೆ ಒಂದು ಚೀಟಿ ಕೂಡ ಬರೆದವಳಲ್ಲ ನಾನು. ಒಂದೇ ಮನೆಯಲ್ಲಿ ಇರುವವರಿಗೆ ಕಾಗದ ಯಾರು ಬರೆಯುತ್ತಾರೆ? ಈಗ ಬರೆಯದೆ ಬೇರೆ ದಾರಿಯಿಲ್ಲ. ಇವತ್ತು ಮಧ್ಯಾಹ್ನ ಗಣಿತದ ರಿಸಲ್ಟ್ ಬಂತು. ಏನಾಯಿತು ಎಂದು ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ನಿಮಗೆ ಸರಿಬರುವುದಿಲ್ಲ. ದಾರಿ ತೋರಿಸದೆ ಉತ್ತರ ಮಾತ್ರ ಹೇಳಿದರೆ, "ಇದು ನಿಂದೋ, ಪಕ್ಕದಾಕಿದೋ?" ಎಂದು ಕೇಳುತ್ತಿದ್ದವರು ನೀವು. ಆದ್ದರಿಂದ ಕೊನೆಯವರೆಗೂ ಓದಬೇಕು.

ಎರಡನೇ ಸಲ ಫೇಲಾದ ದಿನ ಪುಸ್ತಕವನ್ನು ಅಟ್ಟದ ಮೇಲೆ ಎಸೆದಿದ್ದೆ, ನೆನಪಿದೆಯಾ? ಸಂಜೆ ಪಾಲಿಟೆಕ್ನಿಕ್‌ನ ಎಲ್ಲ ಪೇಪರೂ ಆಗಿತ್ತು, ಈ ಒಂದು ಗಣಿತ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದು ಆಗದೆ ಡಿಪ್ಲೊಮಾ ಇಲ್ಲ. ಡಿಪ್ಲೊಮಾ ಇಲ್ಲದೆ ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ನಾನು ರಿಟೈರ್ ಆಗುವವರೆಗೂ ಮೈಕ್ರೋಮೀಟರ್ ಹಿಡಿದು ಪಾರ್ಟ್ ಅಳೆಯುವವಳು ಅಷ್ಟೇ. ಸರಿಯಿದೆ ಎಂದು ಸಹಿ ಹಾಕುವವರು ಬೇರೆ ಯಾರೋ. "ಇನ್ನೊಂದೇ ಸಲ ಬರೀತೀನಿ. ಆಗ್ಲಿಲ್ಲ ಅಂದ್ರೆ ಬಿಟ್ಟೆ" ಎಂದು ಎಲ್ಲರ ಮುಂದೆ ಹೇಳಿದೆ. ನಿಮ್ಮ ಮಗ, "ಮೂವತ್ತೆಂಟಾಯ್ತು ಗಿರಿಜಾ, ತಲೆ ಯಾಕೆ ಕೆಡಿಸ್ಕೋತೀಯ" ಎಂದರು. ನೀವು ಮಾತ್ರ ಸಮಾಧಾನವನ್ನೂ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಪುಸ್ತಕ ಎಷ್ಟು ಸಲ ಓದಿದ್ದಿ?" ಎಂದು ಕೇಳಿದಿರಿ. ಹತ್ತು ಸಲ ಎಂದೆ. "ಎಷ್ಟು ಸಲ ಮುಚ್ಚಿದ್ದಿ?" ಎಂದಿರಿ. ನನಗೆ ಮೈಯೆಲ್ಲ ಉರಿದುಹೋಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ ನನಗೆ ಓದುವುದನ್ನು ಹೇಳಿಕೊಡುತ್ತಾರಂತೆ ಎಂದುಕೊಂಡು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ. ನಿಮಗೆ ಕೇಳಿಸಲಿ ಎಂದೇ ಕುಕ್ಕಿದ್ದು.

ಮಾರನೇ ದಿನ ಸಂಜೆ ನೀವೇ ಆ ಹಳೆಯ ಕಥೆ ತೆಗೆದಿರಿ, ನಾನು ಅಳುತ್ತಾ ಮನೆಗೆ ಬಂದ ಕಥೆ. ಇನ್‌ಸ್ಪೆಕ್ಷನ್‌ಗೆ ಸೇರಿದ ಮೊದಲ ವಾರ ಅದು. ಎಣ್ಣೆ ಹೋಗಲಿ ಎಂದು ಬಿಸಿನೀರಲ್ಲಿ ತೊಳೆದ ಕಬ್ಬಿಣದ ಪಿನ್ನುಗಳನ್ನು ಟ್ರೇಯಿಂದ ತೆಗೆದು ತೆಗೆದು ಹಾಗೇ ಅಳೆದಿದ್ದೆ. ಎಲ್ಲವೂ ಕರೆಕ್ಟ್. ಹಸಿರು ಚೀಟಿ ಅಂಟಿಸಿ ಬಂದೆ. ಬೆಳಿಗ್ಗೆ ಸೂಪರ್‌ವೈಸರ್ ಅದೇ ಪಿನ್ನು ಅಳೆದರೆ ಒಂದೂ ಅಳತೆಗೆ ಬರಲಿಲ್ಲ, ಎಲ್ಲವೂ ಕೂದಲೆಳೆಯಷ್ಟು ಸಣ್ಣ. "ಏನ್ ಮೇಡಂ, ಕಣ್ಣು ಎಲ್ಲಿಟ್ಟಿದ್ರಿ?" ಎಂದು ಎಲ್ಲರ ಮುಂದೆ ಕೇಳಿದರು. ನೀವು ಕೇಳಿ ನಕ್ಕಿದ್ದಿರಿ. ಕಬ್ಬಿಣ ಬಿಸಿಯಿದ್ದಾಗ ಹಿಗ್ಗಿರುತ್ತದೆ, ಆಗ ಸರಿಯಾಗಿ ಕಂಡದ್ದು ಆರಿದ ಮೇಲೆ ಕಮ್ಮಿಯಾಗಿಬಿಡುತ್ತದೆ. ಲೇತ್ ಹಿಡಿದ ಹೊಸದರಲ್ಲಿ ಫೋರ್‌ಮನ್‌ಗೆ ಕೈಚಳಕ ತೋರಿಸಲು ಹೋಗಿ ನೀವೂ ಇದನ್ನೇ ಮಾಡಿದ್ದಿರಂತೆ. ಒಂದು ಪಾಳಿಯ ಶಾಫ್ಟುಗಳೆಲ್ಲ ಸ್ಕ್ರ್ಯಾಪ್ ಡಬ್ಬಕ್ಕೆ ಹೋದವಂತೆ. ದಪ್ಪ ಜಾಸ್ತಿ ಇದ್ದರೆ ಇನ್ನೊಮ್ಮೆ ಲೇತಿಗೆ ಹಾಕಿ ಹೊಡೆಯಬಹುದು, ಕಮ್ಮಿಯಾದ ಮೇಲೆ ಏನು ಮಾಡುವುದು?

"ಓದೂ ಹಂಗೇ ಐತಿ ತಾಯಿ," ಎಂದಿರಿ. "ಓದಿ ಪುಸ್ತಕ ಕೆಳಗಿಟ್ಟ ಕೂಡ್ಲೆ ಎಲ್ಲಾ ಬರ್ತೈತಿ ಅನ್ನಿಸ್ತೈತಿ. ಅದು ಬಿಸಿ. ಆರಲಿ. ಆಮ್ಯಾಲೆ ಅಳೀ." ನಲವತ್ತು ವರ್ಷ ರಾಜಗೋಪಾಲನಗರದಲ್ಲಿ ಇದ್ದರೂ ನಿಮ್ಮ ಬಾಯಿಂದ ದಾವಣಗೆರೆ ಹೋಗಲೇ ಇಲ್ಲ ನೋಡಿ.

ಅವತ್ತಿಂದ ಶುರುವಾಯಿತಲ್ಲ ನಮ್ಮ ಟೆರೇಸಿನ ಪಾಠ. ಬೆಳಿಗ್ಗೆ ಐದಕ್ಕೆ ನಾನು ಓದಬೇಕು, ನೀವು ಕೇಳುವುದು ಮಾತ್ರ ಮರುದಿನ ಸಂಜೆ. ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಕೂತಿರುತ್ತಿದ್ದಿರಿ. ಪುಸ್ತಕ ಕೆಳಗೆ ಮನೆಯಲ್ಲಿ, ಫೋನೂ ಕೆಳಗೆ. ನನ್ನ ಕೈಯಲ್ಲಿ ಒಂದು ಸೀಮೆಸುಣ್ಣ, ಬರೆಯಲು ನೆಲ. "ಇವತ್ತು ಓದಿದ್ದು ಇವತ್ತೇ ಕೇಳಿ ಮಾವ, ಪಟಪಟ ಹೇಳ್ತೀನಿ" ಎಂದು ಗೋಗರೆದೆ. "ಪಟಪಟ ಹೇಳ್ತೀ ಅಂತನೇ ಕೇಳಲ್ಲ" ಎಂದಿರಿ. ಮೊದಲ ದಿನ, ಹಿಂದಿನ ದಿನ ಓದಿದ್ದ ನಾಲ್ಕು ಲೆಕ್ಕದಲ್ಲಿ ನನಗೆ ಬಂದದ್ದು ಒಂದು. ನಾಚಿಕೆಯಿಂದ ಸತ್ತೇ ಹೋದೆ. ನಿಮಗೋ ಖುಷಿ. ಎಲ್ಲಿ ಕಮ್ಮಿಯಿದೆ ಎಂದು ಈಗ ಗೊತ್ತಾಯಿತಲ್ಲ ಎಂದು ತೊಡೆ ತಟ್ಟಿಕೊಂಡಿರಿ.

ಒಂದು ವಿಷಯ ನನಗೆ ಇನ್ನೂ ಆಶ್ಚರ್ಯ. ಆ ಮೂರು ಮರೆತ ಲೆಕ್ಕ ಇತ್ತಲ್ಲ, ಟ್ಯಾಂಕಿನ ಪಕ್ಕ ನಿಂತು ತಲೆ ಕೆರೆದುಕೊಂಡು, ತಪ್ಪು ಬರೆದು, ಕೆಳಗೆ ಓಡಿ ಪುಸ್ತಕ ನೋಡಿಬಂದದ್ದು. ಅವು ಇವತ್ತಿಗೂ ಮರೆತಿಲ್ಲ. ಹತ್ತು ಸಲ ಓದಿ, ಹಳದಿ ಬಣ್ಣ ಬಳಿದು ಇಟ್ಟದ್ದು ಒಂದೂ ತಲೆಯಲ್ಲಿಲ್ಲ. ಮರೆತದ್ದನ್ನು ಹುಡುಕುವಾಗ ತಲೆಯೊಳಗೆ ಏನಾಗುತ್ತದೆ? ಮರೆಯುವುದೂ ಕಲಿಯುವುದರ ಒಂದು ಭಾಗವೇ? ಹಾಗಾದರೆ ಶಾಲೆಯಲ್ಲಿ ಮರೆತದ್ದಕ್ಕೆ ಅಷ್ಟೊಂದು ಏಟು ತಿಂದೆವಲ್ಲ, ಅದು ಯಾವ ನ್ಯಾಯ? ನಿಮ್ಮನ್ನು ಕೇಳಿದರೆ "ಅದೆಲ್ಲ ನಂಗೇನ್ ಗೊತ್ತು, ಲೇತ್ ಹೇಳಿಕೊಟ್ಟದ್ದು" ಎನ್ನುತ್ತಿದ್ದಿರಿ. ನಿಜವಾಗಿ ನಿಮಗೆ ಇದನ್ನು ಯಾರು ಹೇಳಿಕೊಟ್ಟರು ಎಂದು ಸರಿಯಾಗಿ ಕೂತು ಕೇಳಬೇಕೆಂದಿದ್ದೆ. ಪರೀಕ್ಷೆ ಮುಗಿಯಲಿ, ಆಮೇಲೆ ಪುರಸೊತ್ತಾಗಿ...

ಡಿಫರೆನ್ಸಿಯೇಷನ್ ಬಂದ ದಿನವಂತೂ ಜಗಳವೇ ಆಯಿತು. ಡಿವೈ ಬೈ ಡಿಎಕ್ಸ್ ಎಂದು ನೆಲದ ಮೇಲೆ ದೊಡ್ಡದಾಗಿ ಬರೆದು ನಿಮ್ಮ ಕಡೆ ತಿರುಗಿದೆ. "ಇದು ಹೆಸರು. ಏನು ಕೆಲಸ ಮಾಡ್ತೈತಿ ಇದು?" ಎಂದಿರಿ. ಸೂತ್ರ ಹೇಳಿದೆ. "ಅದೂ ಹೆಸರೇ" ಎಂದಿರಿ. "ನಿಮಗೆ ಅರ್ಥ ಆಗಲ್ಲ ಬಿಡಿ ಮಾವ" ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ನೀವು ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. "ನಂಗೆ ಅರ್ಥ ಆಗೋ ಹಂಗೆ ಹೇಳಾಕೆ ಬರ್ಲಿಲ್ಲ ಅಂದ್ರೆ ನಿಂಗೂ ಆಗಿಲ್ಲ" ಎಂದಷ್ಟೇ ಹೇಳಿ ಕುರ್ಚಿ ಮಡಚಿಟ್ಟಿರಿ. ಎರಡು ದಿನ ವರ್ಕ್‌ಶಾಪಿನಲ್ಲಿ ಅದೇ ಯೋಚನೆ. ಮೂರನೇ ದಿನ ಮೆಟ್ಟಿಲನ್ನು ಎರಡೆರಡು ಹತ್ತಿ ಬಂದು, ಚೂಪಾಗುತ್ತಾ ಹೋಗುವ ಒಂದು ಶಾಫ್ಟಿನ ಚಿತ್ರ ಬರೆದೆ. ಟೂಲ್ ಇಷ್ಟು ಮುಂದೆ ಹೋದರೆ ದಪ್ಪ ಎಷ್ಟು ಇಳಿಯುತ್ತದೆ, ಅದನ್ನು ಹೇಳುವುದು ಇದು ಎಂದೆ. ನೀವು ಆ ಚಿತ್ರವನ್ನೇ ನೋಡುತ್ತಾ ಕೂತಿರಿ. "ಟೇಪರ್ ಅಲ್ಲೇನಮ್ಮ ಇದು? ಮೂವತ್ತು ವರ್ಷ ಇದನ್ನೇ ಹೊಡೆದೀನಿ ನಾನು. ಇದಕ್ಕೊಂದು ಹೆಸರಿಟ್ಟು ನಿನ್ನ ಎರಡು ಸಲ ಫೇಲ್ ಮಾಡಿದ್ರಾ?" ನಗುತ್ತಾ ನಗುತ್ತಾ ನನಗೆ ಕೆಮ್ಮೇ ಬಂತು. ಅವತ್ತು ನಿಮ್ಮ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಕಾಲಿಗೆ ಬೀಳೋಣ ಎನಿಸಿತು. ಸೀಮೆಸುಣ್ಣದ ಕೈ ಸೀರೆಗೆ ಒರೆಸಿಕೊಂಡು ಮುಂದಿನ ಲೆಕ್ಕ ಬರೆದೆ.

ಹಳೇ ಪ್ರಶ್ನೆಪತ್ರಿಕೆಗಳನ್ನು ಕತ್ತರಿಸಿ ಸ್ಟೀಲ್ ಡಬ್ಬಿಗೆ ಹಾಕಿಸಿದ್ದೂ ನೀವೇ. ಅದಕ್ಕೆ ಮುಂಚೆ ನಾನು ಒಂದು ಪಾಠದ ಹತ್ತು ಲೆಕ್ಕ ಸಾಲಾಗಿ ಮಾಡಿ, ಹತ್ತೂ ಸರಿಯಾಯಿತೆಂದು ಬೀಗುತ್ತಿದ್ದೆ. "ಮೊದಲ್ನೇದು ಮಾಡಿದ ಮ್ಯಾಲೆ ಉಳಿದ ಒಂಬತ್ತು ಕೈಯೇ ಮಾಡ್ತೈತಿ, ತಲಿ ಮಾಡಲ್ಲ" ಎಂದು ಡಬ್ಬಿ ಕುಲುಕಿ ಒಂದು ಚೀಟಿ ತೆಗೆಯುತ್ತಿದ್ದಿರಿ. ಮೊದಲ ವಾರ ನಾನು ಕಕ್ಕಾಬಿಕ್ಕಿ. ಲೆಕ್ಕ ಮಾಡಲು ಬರುತ್ತಿತ್ತು. ಯಾವ ಲೆಕ್ಕಕ್ಕೆ ಯಾವ ದಾರಿ ಎಂದು ಗುರುತು ಹಿಡಿಯಲು ಬರುತ್ತಿರಲಿಲ್ಲ. ಅವೆರಡೂ ಬೇರೆ ಬೇರೆ ಎಂದು ಮೂವತ್ತೆಂಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಪರೀಕ್ಷೆ ಮುಗಿಸಿ ಬಂದ ದಿನ ಚೆನ್ನಾಗಿ ಬರೆದೆ ಎಂದು ನಿಮ್ಮ ಮುಂದೆ ಕುಣಿದೆ. ನೀವು ಪ್ರಶ್ನೆಪತ್ರಿಕೆ ಇಸಿದುಕೊಂಡು ದೇವರ ಗೂಡಿನಲ್ಲಿ ಇಟ್ಟಿರಿ. ಎರಡು ದಿನ ಬಿಟ್ಟು ಟೆರೇಸಿಗೆ ಕರೆದಿರಿ. ಪರೀಕ್ಷೆಯಲ್ಲಿ ಬರೆದ ಹಾಗೇ ಎಲ್ಲವನ್ನೂ ಮತ್ತೆ ಮಾಡಿ ಪುಸ್ತಕದೊಂದಿಗೆ ಹೋಲಿಸಿ ನೋಡಿದರೆ, ಎರಡು ದೊಡ್ಡ ಲೆಕ್ಕದಲ್ಲಿ ನಡುವಿನಲ್ಲೇ ತಪ್ಪಿದ್ದೆ. ಪಾಸೂ ಆಗಬಹುದು, ಫೇಲೂ ಆಗಬಹುದು, ಅಂಥ ಅಂಚಿನಲ್ಲಿ ನಿಂತಿದ್ದೆ. ನೀವು ಎದ್ದು ಚಪ್ಪಲಿ ಮೆಟ್ಟಿಕೊಂಡು ಟೀ ಕುಡಿಯಲು ಹೋದಿರಿ. ಅದಾಗಿ ಆರನೇ ದಿನ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತವರು ಏಳಲಿಲ್ಲ.

ನಿಮ್ಮ ಶಿವಗಣಾರಾಧನೆಯ ದಿನ ಟೀ ಅಂಗಡಿ ಕೆಂಪಣ್ಣ ಬಂದಿದ್ದ. ನಮ್ಮ ಬೀದಿಯೆಲ್ಲ ಹೊಲವಾಗಿದ್ದ ಕಾಲದಿಂದ ಇಲ್ಲಿರುವವನು, ದಿನಾ ಸಂಜೆ ನಿಮ್ಮ ಜೊತೆ ಕೂರುತ್ತಿದ್ದವನು. ಪಾಯಸ ಬಡಿಸುತ್ತಾ ಅವನ ಎಲೆಯ ಮುಂದೆ ಬಂದೆ. "ರುದ್ರಣ್ಣ ಬೋ ಕುಸಿಯಾಗಿದ್ದ ಕಣವ್ವ. ನಮ್ಮ ಸೊಸೆ ಲೆಕ್ಕದಾಗೆ ಪಾಸಾದ್ಲು ಅಂತ ಅಂಗಡೀಲಿ ಇದ್ದೋರ್ಗೆಲ್ಲ ಅವನೇ ಟೀ ಕೊಡ್ಸಿದ" ಎಂದ. ಸೌಟು ಕೈಯಲ್ಲೇ ನಿಂತಿತು. ರಿಸಲ್ಟೇ ಬಂದಿರಲಿಲ್ಲವಲ್ಲ ಮಾವ. ಆರದೆ ಅಳೆಯಬೇಡ ಎಂದು ನನ್ನ ಜೀವ ತಿಂದವರು ನೀವು, ನೀವೇ ಹೋಗಿ...

ಯಾಕೆ ಹಾಗೆ ಹೇಳಿದಿರಿ? ನಿಜಕ್ಕೂ ನಂಬಿದ್ದಿರಾ? ಇಲ್ಲ, ನಿಮಗೆ ಟೈಮ್ ಇಲ್ಲ ಎಂದು ಒಳಗೆ ಏನಾದರೂ ಗೊತ್ತಾಗಿತ್ತಾ? ಅಥವಾ ಆ ತಪ್ಪಿದ ಎರಡು ಲೆಕ್ಕ ನೋಡಿ ಎದ್ದು ಹೋದಿರಲ್ಲ, ಅದೇ ಸಂಜೆಯಾ ಹೇಳಿದ್ದು? ಎಷ್ಟು ಯೋಚಿಸಿದರೂ ನನಗೆ ಗೊತ್ತಾಗಿಲ್ಲ. ನನಗೆ ಗೊತ್ತಾದದ್ದು ಇಷ್ಟೇ: ಇನ್ನು ಫೇಲಾದರೆ ಹೋಗುವುದು ನನ್ನ ಡಿಪ್ಲೊಮಾ ಒಂದೇ ಅಲ್ಲ. ಸತ್ತ ಮೇಲೆ ನಿಮ್ಮನ್ನು ಸುಳ್ಳುಗಾರ ಮಾಡಿದಂತೆ. ಕೆಂಪಣ್ಣನಿಗೆ ಇಲ್ಲ ಎನ್ನಲೂ ಬಾಯಿ ಬರಲಿಲ್ಲ. ಮೂರು ವಾರ ಆ ಅಂಗಡಿ ತಪ್ಪಿಸಿ ಹಿಂದಿನ ಬೀದಿಯಿಂದ ಸುತ್ತಿಕೊಂಡು ಕೆಲಸಕ್ಕೆ ಹೋದೆ. ಒಂದು ದಿನ ಮಾತ್ರ ಸಿಕ್ಕಿಬಿದ್ದೆ. "ಏನ್ ಇಂಜಿನಿಯರಮ್ಮ, ಈ ಕಡೆ ಬರೋದೇ ಇಲ್ಲ" ಎಂದು ಯಾರೋ ಕೂಗಿದರು. ತಲೆ ತಗ್ಗಿಸಿ ನಡೆದೆ.

ಇವತ್ತು ಊಟದ ಹೊತ್ತಿನಲ್ಲಿ, ಪಾರ್ಟ್ ತೊಳೆಯುವ ತೊಟ್ಟಿಯ ಪಕ್ಕ ನಿಂತು ಫೋನಿನಲ್ಲಿ ನನ್ನ ಪರೀಕ್ಷೆಯ ನಂಬರ್ ಒತ್ತಿದೆ. ಪುಟ ತೆರೆಯಲು ಅರ್ಧ ನಿಮಿಷ ಸುತ್ತಿತು. ನೋಡಿದೆ. ನಂಬಿಕೆಯಾಗದೆ ಫೋನನ್ನು ಕೆಲಸದ ಕೋಟಿನ ಜೇಬಿಗೆ ಹಾಕಿ, ಡಬ್ಬಿಯ ಅನ್ನ ಉಂಡು, ಕೈ ತೊಳೆದು ಬಂದು ಮತ್ತೆ ನೋಡಿದೆ. ಐವತ್ತೆರಡು. ಅದೇ ಇತ್ತು, ಬದಲಾಗಿರಲಿಲ್ಲ.

ಸಂಜೆ ಹಿಂದಿನ ಬೀದಿ ಹಿಡಿಯಲಿಲ್ಲ. ನೇರ ಅಂಗಡಿಗೇ ಹೋಗಿ, "ಕೆಂಪಣ್ಣ, ಪಾಸಾದೆ" ಎಂದೆ. ಅವನು ಹಾಲು ಸೋಸುತ್ತಿದ್ದವನು ತಲೆ ಕೂಡ ಎತ್ತಲಿಲ್ಲ. "ಅದೇನವ್ವ ಒಸಾದು? ರುದ್ರಣ್ಣ ಆಗ್ಲೇ ಯೋಳಿದ್ನಲ್ಲ" ಎಂದ. ಬೆಂಚಿನ ಮೇಲಿದ್ದವರೂ ಹೌದು ಹೌದು ಎಂದರು. ಮನೆಗೆ ಬಂದು ನಿಮ್ಮ ಮಗನಿಗೆ ಹೇಳಿದೆ. "ಅಪ್ಪ ನನಗೂ ಹೇಳಿದ್ರು ಕಣೇ. ರಿಸಲ್ಟ್ ಬಂದಿಲ್ಲ ಅಂತ ಗೊತ್ತಿತ್ತು ನಂಗೆ. ಆದ್ರೂ ಅವ್ರು ಹೇಳಿದ್ ರೀತಿಗೆ ನಂಬಿಬಿಟ್ಟೆ" ಎಂದರು. ಆಗ ಅಳು ಬಂತು ನೋಡಿ, ನೀವು ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ಹೀಗಾಗಿ ಈ ಸುದ್ದಿ ಯಾರಿಗೆ ಹೇಳಿದರೂ ಹಳೆಯದು ಮಾವ. ಬೀದಿಗೆ ಗೊತ್ತು, ಅಂಗಡಿಗೆ ಗೊತ್ತು, ನಿಮ್ಮ ಮಗನಿಗೆ ಗೊತ್ತು. ಎಲ್ಲರಿಗೂ ನೀವೇ ಹೇಳಿ ಹೋಗಿದ್ದೀರಿ. ಗೊತ್ತಿಲ್ಲದೆ ಹೋದವರು ನೀವೊಬ್ಬರೇ.

ನಾನು ಪಾಸಾದೆ, ಮಾವ.

ಗಿರಿಜಾ