ತಮ್ಮ ತಂದ ಮಣ್ಣು

ಮಾರ್ಚ್ 4, ಬೆಳಿಗ್ಗೆ

ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಮೂವತ್ತು ಪ್ಲೇಟ್ ಸುರಿದಾಯಿತು. ಮಣ್ಣು ತೂಗಿ, ನೀರಲ್ಲಿ ಕದಡಿ, ಸಾವಿರ ಪಟ್ಟು ತೆಳುಮಾಡಿ ಹರಡಿದೆ. ಈ ಸಲದ್ದು ತಮ್ಮ ತಂದ ಮಣ್ಣು. ಪಾಯ ತೋಡುವ ಯಂತ್ರ ಓಡಿಸುತ್ತಾನಲ್ಲ, ಯಾವುದೋ ಹಳೆಯ ತೋಟದ್ದಂತೆ. ಊಟದ ಡಬ್ಬಿಯಲ್ಲೇ ತುಂಬಿಕೊಂಡು ಬಂದಿದ್ದ. “ಎಲ್ರೂ ಅಕ್ಕನಿಗೆ ಸೀರೆ ತರ್ತಾರೆ, ನಾನು ಮಣ್ಣು ತರ್ತೀನಿ. ನಿನ್ನ ಹಣೆಬರಹ!” ಅವನ ಹೆಂಡತಿ ಆ ಡಬ್ಬಿಯನ್ನು ಮೂರು ಸಲ ತಿಕ್ಕಿದಳಂತೆ.

ಕುಂಟುತ್ತಿದ್ದ. ಪಾದಕ್ಕೆ ಕಬ್ಬಿಣದ ಸರಳು ಚುಚ್ಚಿದೆ. ಚಿಕ್ಕ ಗಾಯ ಅಂದ.

ಮಾರ್ಚ್ 7

ಬೇರೆ ಬ್ಯಾಕ್ಟೀರಿಯಾ ಒಂದೇ ರಾತ್ರಿಗೆ ಲೋಳೆಲೋಳೆಯಾಗಿ ಹರಡಿಬಿಡುತ್ತವೆ. ನಾನು ಮಣ್ಣಿನಲ್ಲಿ ಹುಡುಕುವ, ಆಂಟಿಬಯೋಟಿಕ್ ಕೊಡುವ ಸ್ಟ್ರೆಪ್ಟೋಮೈಸಿಸ್‌ಗೆ ಅವಸರವೇ ಇಲ್ಲ. ಸಾಸಿವೆಗಿಂತ ಚಿಕ್ಕ ಚುಕ್ಕಿಗಳು. ನೋಡಲು ಬೂಷ್ಟು, ಜಾತಿಯಲ್ಲಿ ಬ್ಯಾಕ್ಟೀರಿಯಾ. ದಾರದಂಥ ಎಳೆ ಬಿಟ್ಟು ಕೆಳಗೆ ಬೇರೂರುತ್ತದೆ... ಕೆದಕಿದರೂ ಏಳದು.

ತಮ್ಮ ಆಸ್ಪತ್ರೆ ಸೇರಿದ. ಕಾಲು ಊದಿದೆ. ಸಕ್ಕರೆ ಕಾಯಿಲೆಯೂ ಇದೆಯಂತೆ, ಈಗ ಗೊತ್ತಾಗಿದ್ದು.

ಮಾರ್ಚ್ 12

ಚುಕ್ಕಿಗಳು ಬೆಳ್ಳಗಾಗಿವೆ. ಸೀಮೆಸುಣ್ಣದ ಪುಡಿ ಉದುರಿಸಿದ ಹಾಗೆ ಬೀಜಕಣ. ಮುಚ್ಚಳ ತೆಗೆದರೆ ಮೊದಲ ಮಳೆ ಬಿದ್ದ ನೆಲದ ವಾಸನೆ. ತಿನ್ನಲು ಇರುವುದು ಮುಗಿಯುತ್ತ ಬಂದಾಗಲೇ ಇದು ಬೀಜ ಕಟ್ಟುವುದು. ಮದ್ದು ಸುರಿಸುವುದೂ ಆಗಲೇ.

ತಮ್ಮನ ರಿಪೋರ್ಟ್ ಬಂತು. ಗಾಯದ ರೋಗಾಣುವಿಗೆ ಯಾವ ಆಂಟಿಬಯೋಟಿಕ್ಕೂ ನಾಟುತ್ತಿಲ್ಲ. ಅದೇ ಜಾತಿಯದು ನಮ್ಮ ಫ್ರೀಜರಿನಲ್ಲಿದೆ. ಅದನ್ನು ಬೆಳೆಸಲು ಹಾಕಿ, ತಮ್ಮನ ಮಣ್ಣಿನಲ್ಲಿ ಬೆಳೆದ ಒಂಬತ್ತು ಬಗೆಯ ಚುಕ್ಕಿಗಳನ್ನೂ ಅದರ ಮೇಲಿಟ್ಟೆ.

ಮಾರ್ಚ್ 14, ಮಧ್ಯಾಹ್ನ

ಆರನೆಯದು! ಸುತ್ತ ತಿಳಿಯಾದ ಉಂಗುರ. ರೋಗಾಣು ಹತ್ತಿರವೂ ಸುಳಿದಿಲ್ಲ. ನಮ್ಮ ಲ್ಯಾಬಿನ ಸರ್ ಸ್ಕೇಲ್ ಇಟ್ಟು ಅಳೆದರು. “ಕುಣೀಬೇಡಮ್ಮ. ಇದು ಪ್ಲೇಟು. ಮನುಷ್ಯನ ಮೈಗೆ ಹೋಗೋಕೆ ಹತ್ತು ವರ್ಷ ಬೇಕು. ಅದೂ ಹೋದ್ರೆ.”

ಗೊತ್ತು. ಗೊತ್ತಿದ್ದೂ ಆಸ್ಪತ್ರೆಗೆ ಓಡಿದೆ. ತಮ್ಮ ಒಬ್ಬನೇ ಇದ್ದ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. “ನೀನು ತಂದ ಮಣ್ಣು ಕಣೋ! ನಿನ್ನ ಕಾಲಿಗೆ ಮದ್ದು ಸಿಕ್ತು ಅಂತಿಟ್ಕೋ.” ನಕ್ಕ. ಅವನು ನಕ್ಕು ಎಷ್ಟು ದಿನವಾಗಿತ್ತು! ಹತ್ತು ವರ್ಷದ ಮಾತು ಬಾಯಿಗೆ ಬರಲಿಲ್ಲ. ನಾಳೆ ಹೇಳಿದರಾಯಿತು.

ಮಾರ್ಚ್ 15

ಹೇಳಲಿಲ್ಲ. ನಿದ್ದೆಯಲ್ಲಿದ್ದ.

ಮಾರ್ಚ್ 18

ಮೊಣಕಾಲಿನ ಕೆಳಗೆ ತೆಗೆಯಲೇಬೇಕು ಅಂತ ಡಾಕ್ಟರು ಹೇಳಿ ಮೂರು ದಿನವಾಯಿತಂತೆ. ನನಗೆ ಇವತ್ತು ತಿಳಿಯಿತು. ಇವನು ಸಹಿ ಹಾಕಿಲ್ಲ. ಯಾಕೋ ಅಂದರೆ ಗುಟ್ಟು ಹೇಳುವವನಂತೆ ಹತ್ತಿರ ಕರೆದ. “ನಿನ್ನ ಮದ್ದು ಬರ್ತಿದೆಯಲ್ಲಕ್ಕಾ. ಕಾಲಿಲ್ದೆ ಪೆಡಲ್ ಹೇಗೆ ಒತ್ತಲಿ?”

ಹೇಳಿದೆ. ಎಲ್ಲ ಹೇಳಿದೆ — ಇಲಿಗಳ ಮೇಲಿನ ಪರೀಕ್ಷೆ, ಅನುಮತಿ, ಹತ್ತು ವರ್ಷ.

“ಮೊದಲೇ ಹೇಳ್ಬಾರ್ದಿತ್ತಾ?”

ಅಷ್ಟೇ. ಪೆನ್ನು ಕೇಳಿದ. ಸಹಿ ಹಾಕಿದ ಮೇಲೆ, ಗೋಡೆ ನೋಡುತ್ತ: “ಯಾಕೆ ತಡ ಮಾಡ್ದೆ ಅಂತ ಇವಳಿಗೆ ಹೇಳ್ಬೇಡ. ನಿನ್ನ ಬೈತಾಳೆ.”

ಮಾರ್ಚ್ 19

ಕಾಲು ತೆಗೆದರು. ನಂಜು ಆಗಲೇ ರಕ್ತಕ್ಕೆ ಏರಿಬಿಟ್ಟಿದೆಯಂತೆ.

ಮಾರ್ಚ್ 21

ಹೋದ.

ಏಪ್ರಿಲ್ 9

ಕೆಲಸಕ್ಕೆ ಹೋದೆ. ಆರನೆಯದನ್ನು ಸರ್ ಹೊಸ ಪ್ಲೇಟಿಗೆ ಹಾಕಿ ಉಳಿಸಿದ್ದಾರೆ. ತನ್ನ ಪಾಡಿಗೆ ತಾನು ಬೆಳೆಯುತ್ತಿದೆ. ಮುಚ್ಚಳ ತೆಗೆಯಲು ಆಗಲಿಲ್ಲ. ಸರ್ ಟ್ರೇ ಎತ್ತಿಕೊಂಡು ಹೋದರು.

ಏಪ್ರಿಲ್ 13, ಸಂಜೆ

ತಮ್ಮನ ಹೆಂಡತಿ ಬಂದಿದ್ದಾಳೆ. ಮುಂದಿಟ್ಟ ಟೀ ಮುಟ್ಟಿಲ್ಲ. “ಅತ್ತಿಗೆ, ಅವರು ಮೂರು ದಿನ ಯಾಕೆ ಬೇಡ ಬೇಡ ಅಂದ್ರು? ನಾನು ಜಗಳಾಡಿಯಾದ್ರೂ ಸಹಿ ಹಾಕಿಸ್ಬೇಕಿತ್ತು. ನನ್ನದೇ ತಪ್ಪು. ನಿಮ್ಮ ಹತ್ರ ಏನೂ ಮುಚ್ಚಿಡ್ತಿರ್ಲಿಲ್ಲ... ನಿಮಗೇನಾದ್ರೂ ಹೇಳಿದ್ರಾ?”

ಮುಖ ತೊಳೆದು ಬರುತ್ತೇನೆ ಅಂತ ರೂಮಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೇಳಬೇಡ ಅಂದಿದ್ದ. ಅವಳೋ ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ. ನನ್ನ ಪಾಪ ಅವಳು ಹೊರಬೇಕೆ? ಎಲ್ಲಿಂದ ಶುರುಮಾಡಲಿ... ಬಾಯಿ ಬರುವುದಿಲ್ಲ.

ಬಾಗಿಲಲ್ಲಿ ನಿಂತಿದ್ದಾಳೆ. “ಏನ್ ಬರೀತಿದ್ದೀರಿ ಅತ್ತಿಗೆ?”

ಎಲ್ಲ ಇದರಲ್ಲೇ ಇದೆ. ಈ ಪುಸ್ತಕ ಅವಳ ಕೈಗೇ ಕೊಡುತ್ತೇನೆ.